ಮುಟ್ಟಿನ ದಿನಗಳ ಆರೈಕೆ: ಚೀನಾದ ವೈದ್ಯದಿಂದ ಕಲಿಯುವುದೇನು?

ವಿದ್ಯಾರ್ಥಿನಿಯರೇ, ಹಾಗೆಯೇ ತಲೆಬರಹ ನೋಡಿ ಪುಟ ಮಗುಚಲು ಹೊರಟಿರುವ ವಿದ್ಯಾರ್ಥಿಗಳೇ,

2016ರ ಆಗಸ್ಟ್ ತಿಂಗಳಲ್ಲಿ ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಹೆಂಗಸರ ಈಜಿನ ಮೆಡ್ಲೆ ರಿಲೇ ಸ್ಪರ್ಧೆಯಲ್ಲಿ ಚೀನಾದ ತಂಡ ನಾಲ್ಕನೆಯ ಸ್ಥಾನಕ್ಕೆ ಬಂತು, ಪದಕ ಕೈತಪ್ಪಿತು. ಕೊಳದಿಂದ ಮೇಲೆ ಬಂದ ನಾಲ್ವರು ಹುಡುಗಿಯರನ್ನು ಅವರ ದೇಶದ ದೂರದರ್ಶನದವರು ಮಾತನಾಡಿಸುತ್ತಿದ್ದಾಗ ಮೂವರು ನಿಂತಿದ್ದರು, ಒಬ್ಬಳು ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ್ದಳು. ಅವಳೇ ಫು ಯುವಾನ್‌ಹ್ವೇ. ಅದಕ್ಕೆ ಕೆಲವೇ ದಿನ ಮುಂಚೆ ನೂರು ಮೀಟರ್ ಹಿಮ್ಮುಖ ಈಜಿನಲ್ಲಿ ಕಂಚು ಗೆದ್ದವಳು. ಹೊಟ್ಟೆ ನೋಯುತ್ತಿದೆಯೇ ಎಂದು ಕೇಳಿದಾಗ ಆಕೆ, ನಿನ್ನೆ ಮುಟ್ಟಾಯಿತು, ಅದಕ್ಕೇ ಬಳಲಿಕೆ. ಆದರೂ ಅದು ನೆಪವಾಗಬಾರದು, ನಾನು ಚೆನ್ನಾಗಿ ಈಜಲಿಲ್ಲ ಎಂಬರ್ಥದಲ್ಲಿ ಉತ್ತರ ಕೊಟ್ಟಳು. ಕೋಟಿಗಟ್ಟಲೆ ಜನ ನೋಡುತ್ತಿದ್ದ ಪರದೆಯ ಮೇಲೆ ಹುಡುಗಿಯೊಬ್ಬಳು ಹೀಗೆ ಹೇಳಿದ್ದನ್ನು ಚೀನಾದಲ್ಲಿ ಜನ ದಿನಗಟ್ಟಲೆ ಚರ್ಚಿಸಿದರು. ಬಹಳ ಮಂದಿ ಮೆಚ್ಚಿಕೊಂಡರು. ಇನ್ನು ಕೆಲವರು, ಮುಟ್ಟಿನಲ್ಲಿ ತಣ್ಣೀರಿಗೆ ಇಳಿಯಬಹುದೇ ಎಂದು ಹೌಹಾರಿದರು.

ಈ ಹೌಹಾರಿಕೆಯ ಹಿಂದೆ ಎರಡು ಸಾವಿರ ವರ್ಷಗಳ ಒಂದು ವೈದ್ಯವಿದೆ. ಇವತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಅದರ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ಚೀನೀ ವೈದ್ಯ ಕಲಿತವಳಲ್ಲ. ಆಸ್ಪತ್ರೆಯಲ್ಲಿ ಹೆಂಗಸರ ಕಾಯಿಲೆಗಳನ್ನು ನೋಡುವ ಸಾಮಾನ್ಯ ಡಾಕ್ಟರು. ಕುತೂಹಲದಿಂದ ಓದಿಕೊಂಡದ್ದನ್ನು, ನನ್ನ ಕೆಲಸದ ಅನುಭವದ ಪಕ್ಕದಲ್ಲಿಟ್ಟು ಹೇಳುತ್ತೇನೆ.

ಮೊದಲು ಎರಡು ಮಾತು, ಹೆಸರುಗಳ ಬಗ್ಗೆ. ಫು ಯುವಾನ್‌ಹ್ವೇ ಆ ದಿನ ಬಳಸಿದ ಪದ ‘ಲಿಜ್ಯಾ’. ಅದರ ಅಕ್ಷರಾರ್ಥ, ಕ್ರಮವಾಗಿ ಬರುವ ರಜೆ! ಗೆಳತಿಯರ ನಡುವೆ ಇನ್ನೊಂದು ಗುಟ್ಟಿನ ಮಾತಿದೆ, ‘ದಾ ಯಿಮಾ ಬಂದಿದ್ದಾಳೆ’ ಎಂದು. ಯಿಮಾ ಎಂದರೆ ತಾಯಿಯ ಅಕ್ಕತಂಗಿ, ದಾ ಎಂದರೆ ದೊಡ್ಡ. ನಮ್ಮ ಭಾಷೆಯಲ್ಲಿ ಸರಿಯಾಗಿ ದೊಡ್ಡಮ್ಮ. ನಾವು ಕಾಗೆ ಮುಟ್ಟಿತು, ಹೊರಗಾದಳು ಎನ್ನುತ್ತೇವೆ. ಅವರ ಮನೆಗೆ ತಿಂಗಳಿಗೊಮ್ಮೆ ದೊಡ್ಡಮ್ಮ ಬರುತ್ತಾಳೆ. ಹಾಗೆಂದು ಅಲ್ಲಿ ಮಡಿಮೈಲಿಗೆ ಇರಲಿಲ್ಲವೆಂದು ತಿಳಿಯಬೇಡಿ. ಹಳೆಯ ಚೀನಾದಲ್ಲೂ ಮುಟ್ಟಿನ ರಕ್ತ ಅಶುದ್ಧ, ದೇವಸ್ಥಾನಕ್ಕೆ ಹೋಗಬಾರದು ಎಂಬ ನಂಬಿಕೆಗಳು ಬೇಕಾದಷ್ಟಿದ್ದವು. ಆದರೆ ಆ ನಂಬಿಕೆಗಳ ಜೊತೆಯಲ್ಲೇ ವೈದ್ಯರು ಅದನ್ನು ಕೂತು ಅಭ್ಯಾಸ ಮಾಡಿದರು, ಗ್ರಂಥ ಬರೆದರು.

ಕ್ರಿಸ್ತನಿಗಿಂತ ಸುಮಾರು ಒಂದೆರಡು ಶತಮಾನ ಮುಂಚೆ ರೂಪುಗೊಂಡ ‘ಹ್ವಾಂಗ್‌ದೀ ನೇಜಿಂಗ್’ ಎಂಬ ಗ್ರಂಥ ಹೆಣ್ಣಿನ ಆಯುಸ್ಸನ್ನು ಏಳೇಳು ವರ್ಷಗಳ ಮೆಟ್ಟಿಲುಗಳಾಗಿ ಎಣಿಸುತ್ತದೆ. ಎರಡನೆಯ ಏಳಕ್ಕೆ, ಎಂದರೆ 14ಕ್ಕೆ ಮುಟ್ಟು ಆರಂಭ. ಏಳನೆಯ ಏಳಕ್ಕೆ, 49ಕ್ಕೆ ನಿಲ್ಲುವುದು. ಈ ಲೆಕ್ಕ ಇಂದಿಗೂ ತೀರ ದೂರ ಹೋಗಿಲ್ಲ ನೋಡಿ. ಏಳನೆಯ ಶತಮಾನದ ಸುನ್ ಸಿಮ್ಯಾವ್ ಎಂಬ ವೈದ್ಯ ತನ್ನ ದೊಡ್ಡ ಗ್ರಂಥದಲ್ಲಿ ಹೆಂಗಸರ ಚಿಕಿತ್ಸೆಯನ್ನು ಮುಂಭಾಗದಲ್ಲೇ ಇಟ್ಟ. 1237ರಲ್ಲಿ ಚೆನ್ ಜಿಮಿಂಗ್ ಎಂಬಾತ ಹೆಂಗಸರಿಗೆಂದೇ ಒಂದು ಬೃಹತ್ ಔಷಧ ಸಂಗ್ರಹ ಮಾಡಿದ. ಅದರ ಮೊದಲ ವಿಭಾಗವೇ ಮುಟ್ಟನ್ನು ಹದಕ್ಕೆ ತರುವುದು.

ಇವರೆಲ್ಲ ಗಂಡಸರು. ನನಗೆ ಹೆಚ್ಚು ಇಷ್ಟವಾದವಳು ತಾನ್ ಯುನ್‌ಶ್ಯೆನ್. 1461ರಲ್ಲಿ ಹುಟ್ಟಿದ ಈಕೆ ವೈದ್ಯವನ್ನು ಕಲಿತದ್ದು ಅಜ್ಜಿಯಿಂದ. ದೊಡ್ಡ ಮನೆತನದ ಹೆಂಗಸರು ಪರಗಂಡಸಾದ ವೈದ್ಯನ ಮುಂದೆ ಇಂಥ ವಿಷಯ ಬಾಯಿಬಿಟ್ಟು ಹೇಳಲಾರದ ಕಾಲ ಅದು. ಅವರು ಈಕೆಯ ಬಳಿ ಬಂದರು, ಈಕೆ ಕೇಳಿದಳು, ಅವರು ಹೇಳಿದರು. 1511ರಲ್ಲಿ, ತನ್ನ ಐವತ್ತರ ಪ್ರಾಯದಲ್ಲಿ, ತಾನು ನೋಡಿದ 31 ರೋಗಿಗಳ ವಿವರಗಳನ್ನು ಪುಸ್ತಕವಾಗಿ ತಂದಳು. ಅಚ್ಚಿನ ಮರದ ಹಲಗೆಗಳನ್ನು ಸಿದ್ಧಪಡಿಸಿಕೊಟ್ಟವನು ಆಕೆಯ ಮಗ. ತೊಂಬತ್ತು ದಾಟುವವರೆಗೂ ಬದುಕಿದ್ದಳು ಎಂಬುದನ್ನು ಸಂತೋಷದಿಂದ ಹೇಳುತ್ತೇನೆ.

ಈ ಕೇಳುವುದು, ಹೇಳುವುದು ಎಂಬುದರ ಬಗ್ಗೆ ಸ್ವಲ್ಪ ನಿಲ್ಲೋಣ. ಚೀನೀ ವೈದ್ಯದಲ್ಲಿ ರೋಗ ತಿಳಿಯುವ ನಾಲ್ಕು ದಾರಿಗಳಿವೆ: ನೋಡುವುದು, ದನಿ ಮತ್ತು ವಾಸನೆ ಗಮನಿಸುವುದು, ವಿಚಾರಿಸುವುದು, ನಾಡಿ ಹಿಡಿಯುವುದು. ವಿಚಾರಿಸುವುದಕ್ಕೆ ‘ಹತ್ತು ಪ್ರಶ್ನೆಗಳ ಹಾಡು’ ಎಂಬ ಪದ್ಯವನ್ನೇ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಹಿಂದಿನ ಕಾಲದ ವೈದ್ಯರಿಂದ ಬಂದದ್ದು. ರೋಗಿ ಹೆಂಗಸಾದರೆ ಮುಟ್ಟಿನ ವಿಚಾರ ಕೇಳಲೇಬೇಕೆಂಬ ಸೂಚನೆಯೂ ಅದರಲ್ಲಿ ಮುಂದೆ ಸೇರಿತು. ಏನೇನು ಕೇಳುತ್ತಾರೆ? ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ಎಷ್ಟು ದಿನ ಇರುತ್ತದೆ, ಬಣ್ಣ ತಿಳಿಯೋ ಗಾಢವೋ, ಹೆಪ್ಪುಗಟ್ಟಿದ ಗಂಟುಗಳು ಹೋಗುತ್ತವೆಯೋ. ನೋವು ಮುಂಚೆ ಬರುತ್ತದೆಯೋ, ಮೊದಲ ದಿನವೋ, ಮುಗಿದ ಮೇಲೋ. ಹೊಟ್ಟೆ ಒತ್ತಿದರೆ ಹಿತವೋ, ಮುಟ್ಟಲೂ ಆಗದೋ. ಬಿಸಿ ಇಟ್ಟರೆ ಕಡಿಮೆಯಾಗುತ್ತದೆಯೋ.

ಈ ಉತ್ತರಗಳಿಂದ ಅವರು ನೋವನ್ನು ವಿಂಗಡಿಸುತ್ತಾರೆ. ದೇಹದಲ್ಲಿ ‘ಚೀ’ ಎಂಬ ಪ್ರಾಣಶಕ್ತಿಯೂ ರಕ್ತವೂ ಸರಾಗವಾಗಿ ಹರಿಯುತ್ತಿದ್ದರೆ ನೋವಿಲ್ಲ, ತಡೆಯಾದರೆ ನೋವು, ಇದು ಅವರ ಮೂಲ ತತ್ತ್ವ. ಬಿಸಿಗೆ ಇಳಿಯುವ, ಗಂಟುಗಳೊಂದಿಗೆ ಬರುವ ಹಿಂಡುವ ನೋವಾದರೆ ಶೀತದಿಂದ ರಕ್ತ ಗಟ್ಟಿಯಾಗಿದೆ ಎನ್ನುತ್ತಾರೆ. ಮುಟ್ಟಿಗೆ ಮುಂಚೆ ಎದೆ ಬಿಗಿದು, ಸಿಟ್ಟು ಬಂದು, ಹೊಟ್ಟೆ ಉಬ್ಬರಿಸಿದರೆ ಚೀ ಸಿಕ್ಕಿಕೊಂಡಿದೆ ಎನ್ನುತ್ತಾರೆ. ಮುಗಿದ ಮೇಲೆ ಸಣ್ಣಗೆ ನೋಯುತ್ತ, ಒತ್ತಿದರೆ ಹಿತವಾಗಿ, ಮುಖ ಬಿಳಿಚಿಕೊಂಡಿದ್ದರೆ ರಕ್ತದ ಕೊರತೆ. ಚೀ ಎಂಬುದನ್ನು ಯಾವ ಯಂತ್ರವೂ ಅಳೆದಿಲ್ಲ, ನಾನು ಅದನ್ನು ನಂಬಿ ಎನ್ನುವುದಿಲ್ಲ. ಆದರೆ ಆ ಪ್ರಶ್ನೆಗಳಿವೆಯಲ್ಲ, ಅವು ಚಿನ್ನದಂಥವು.

ಯಾಕೆಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎರಡನೆಯ ಪಿಯುಸಿ ಓದುತ್ತಿದ್ದ ಹುಡುಗಿಯನ್ನು ಅವಳ ತಾಯಿ ಕರೆದುಕೊಂಡು ಬಂದರು. ಏನಮ್ಮಾ ಎಂದರೆ ‘ಹೊಟ್ಟೆನೋವು ಮೇಡಂ’ ಎಂದಳು, ತಲೆ ತಗ್ಗಿಸಿದಳು. ಮುಂದಿನದನ್ನೆಲ್ಲ ತಾಯಿಯೇ ಹೇಳಿದರು. ಮೂರು ವರ್ಷದಿಂದ ಹೀಗೇ, ತಿಂಗಳಿಗೆ ಎರಡು ದಿನ ಕಾಲೇಜು ತಪ್ಪುತ್ತದೆ. ಮದುವೆಯಾದರೆ ಸರಿಹೋಗುತ್ತದೆ ಅಂತ ಅಜ್ಜಿ ಹೇಳ್ತಾರೆ. ಈ ಸಲ ಪ್ರಾಕ್ಟಿಕಲ್ ಪರೀಕ್ಷೆಯೇ ತಪ್ಪಿಹೋಗಿತ್ತು, ಅದಕ್ಕೆ ಬಂದಿದ್ದರು. ತಾಯಿಯನ್ನು ಹೊರಗೆ ಕೂರಿಸಿ ಒಂದೊಂದಾಗಿ ಕೇಳಿದೆ. ನೋವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಮುಟ್ಟು ಮುಗಿದ ಮೇಲೂ ಉಳಿಯುತ್ತಿತ್ತು, ಮಲವಿಸರ್ಜನೆಗೆ ಕೂತಾಗ ಪ್ರಾಣ ಹೋದಂತಾಗುತ್ತಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಪರೀಕ್ಷೆ ಮಾಡಿದಾಗ ಎಂಡೊಮೆಟ್ರಿಯೋಸಿಸ್ ಎಂದು ಗೊತ್ತಾಯಿತು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗಡೆ, ಅಂಡಾಶಯದಲ್ಲೋ ಕರುಳಿನ ಬದಿಯಲ್ಲೋ ಬೆಳೆಯುವ ಕಾಯಿಲೆ. ಚಿಕಿತ್ಸೆ ಇದೆ. ಮೂರು ವರ್ಷ ಮೊದಲೇ ಶುರುಮಾಡಬಹುದಿತ್ತು.

ಎಲ್ಲ ನೋವೂ ಇಂಥದ್ದಲ್ಲ, ಹೆದರಬೇಡಿ. ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ ಬರುವ ನೋವಿಗೆ ಕಾರಣ ಬೇರೆ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ, ರಕ್ತನಾಳಗಳನ್ನು ಬಿಗಿಯುತ್ತವೆ. ಹಿಂಡಿದ ಸ್ನಾಯುವಿಗೆ ರಕ್ತ ಸಾಲದೆ ನೋಯುತ್ತದೆ. ಮೊದಲ ಒಂದೆರಡು ದಿನ ಹೆಚ್ಚು, ಆಮೇಲೆ ತಾನಾಗಿ ಇಳಿಯುತ್ತದೆ. ಹರಿವು ತಡೆದರೆ ನೋವು ಎಂದ ಆ ಹಳೆಯ ವೈದ್ಯರು ಕತ್ತಲಲ್ಲಿ ತಡವುತ್ತ ಬಾಗಿಲ ಹತ್ತಿರಕ್ಕಂತೂ ಬಂದಿದ್ದರು ಅನ್ನಿಸುತ್ತದೆ.

ಇನ್ನು ಅಡಿಗೆಮನೆಗೆ ಬರೋಣ. ಚೀನೀ ಆರೈಕೆಯ ಮುಖ್ಯ ಸೂತ್ರ ಬೆಚ್ಚಗಿರುವುದು. ಹೊಟ್ಟೆ, ಸೊಂಟ, ಪಾದ ಬೆಚ್ಚಗಿರಬೇಕು, ಕುಡಿಯುವುದು ಬಿಸಿಯಾಗಿರಬೇಕು. ಅಲ್ಲಿನ ಕಾಲೇಜು ಹುಡುಗಿಯರಲ್ಲಿ ಇದೊಂದು ತಮಾಷೆಯಾಗಿಬಿಟ್ಟಿದೆ: ಏನು ತೊಂದರೆ ಹೇಳಿದರೂ ಸ್ನೇಹಿತನಾದವನು ‘ಬಿಸಿನೀರು ಕುಡಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನಂತೆ! ಆಹಾರವನ್ನು ಅವರೂ ನಮ್ಮ ಹಾಗೆ ಉಷ್ಣ, ಶೀತ ಎಂದು ಎರಡು ಗುಂಪು ಮಾಡುತ್ತಾರೆ. ಏಡಿ, ಕಲ್ಲಂಗಡಿ, ಹೆಸರುಕಾಳು ಶೀತ. ಶುಂಠಿ, ಕುರಿಮಾಂಸ ಉಷ್ಣ. ಮುಟ್ಟಿನ ದಿನಗಳಲ್ಲಿ ಶೀತದವು ಬೇಡ, ಐಸ್‌ಕ್ರೀಂ ಅಂತೂ ಬೇಡವೇ ಬೇಡ.

ಆ ದಿನಗಳ ಜನಪ್ರಿಯ ಪಾನೀಯ ಶುಂಠಿ ಮತ್ತು ‘ಹೊಂಗ್ ತಾಂಗ್’ ಹಾಕಿ ಕುದಿಸಿದ ನೀರು. ಹೊಂಗ್ ತಾಂಗ್ ಅಂದರೆ ಕೆಂಪು ಸಕ್ಕರೆ. ಕಬ್ಬಿನ ಹಾಲನ್ನು ಕಾಯಿಸಿ, ಕಾಕಂಬಿ ತೆಗೆಯದೆ ಮಾಡಿದ್ದು. ನಮ್ಮ ಬೆಲ್ಲದ ಅಕ್ಕನೋ ತಂಗಿಯೋ ಆಗಬೇಕು. ಅಂದರೆ ಮಂಡ್ಯದ ಮನೆಯೊಂದರಲ್ಲಿ ಅಜ್ಜಿ ಕಾಯಿಸಿಕೊಡುವ ಶುಂಠಿ ಬೆಲ್ಲದ ಕಷಾಯಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅವರು ನಾಲ್ಕಾರು ಒಣ ಕೆಂಪು ಬೋರೆಹಣ್ಣು ಸೇರಿಸುತ್ತಾರೆ, ನಮ್ಮ ಎಲಚಿಯ ಹತ್ತಿರದ ನೆಂಟ. ಹೆಬ್ಬೆರಳಿನಷ್ಟು ಹಸಿಶುಂಠಿಯನ್ನು ತೆಳ್ಳಗೆ ಹೆಚ್ಚಿ, ಎರಡು ಲೋಟ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ, ಬೆಲ್ಲ ಹಾಕಿ ಸೋಸಿ. ಮುಟ್ಟಿನ ಮೊದಲ ಮೂರು ದಿನ ಶುಂಠಿ ಸೇವಿಸಿದವರಿಗೆ ನೋವು ಇಳಿಯಿತೆಂದು ಹಲವು ಸಣ್ಣ ಪರೀಕ್ಷೆಗಳು ತೋರಿಸಿವೆ. ಎದೆಯುರಿ ಇರುವವರಿಗೆ ಮಾತ್ರ ಹೆಚ್ಚು ಶುಂಠಿ ಆಗದು. ಬೆಲ್ಲದಿಂದ, ಬೋರೆಹಣ್ಣಿನಿಂದ ರಕ್ತ ಹೆಚ್ಚುತ್ತದೆ ಎಂಬ ಮಾತಿದೆ, ಅಲ್ಲೂ ಇದೆ, ಇಲ್ಲೂ ಇದೆ. ಅಷ್ಟೊಂದು ಕಬ್ಬಿಣ ಅವುಗಳಲ್ಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಕಂಡುಬಂತು. ಸುಸ್ತಾಗುತ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುವವರು ಯಾರ್ಯಾರೆಂದು ನನಗೆ ಗೊತ್ತಿದೆ! ಅದು ಕಬ್ಬಿಣದ ಮಾತ್ರೆ, ಊಟವಾದ ಮೇಲೆ ನುಂಗಿ.

ಹೊಟ್ಟೆಯ ಮೇಲೆ ಬಿಸಿ ಇಡುವುದಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ಕೆಳಹೊಟ್ಟೆಗೆ ದಿನಕ್ಕೆ 12 ಗಂಟೆ ಕಟ್ಟಿಕೊಂಡವರಿಗೆ, ಐಬುಪ್ರೊಫೇನ್ ನುಂಗಿದವರಷ್ಟೇ ಉಪಶಮನ ಸಿಕ್ಕಿತು. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಚೀಲವಿಲ್ಲದ ಹಾಸ್ಟೆಲಿನಲ್ಲಿ ಬಿಗಿಯಾದ ಮುಚ್ಚಳದ ಸ್ಟೀಲ್ ಬಾಟಲಿ ಸಾಕು. ಚರ್ಮಕ್ಕೆ ನೇರವಾಗಿ ತಾಗಿಸಬೇಡಿ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಪಾದ ಕಾಲಿಗೆ ಸೇರುವಲ್ಲಿ ಒಳಮಗ್ಗುಲಿಗೆ ಉಬ್ಬಿಕೊಂಡಿರುವ ಮೂಳೆಯಿದೆಯಲ್ಲ, ಅದರ ತುದಿಯಿಂದ ಮೇಲಕ್ಕೆ ನಿಮ್ಮದೇ ನಾಲ್ಕು ಬೆರಳುಗಳ ಅಗಲ ಅಳೆಯಿರಿ. ಅಲ್ಲಿ ಕಾಲಿನ ಉದ್ದ ಮೂಳೆಯ ಹಿಂದಿನ ಅಂಚಿಗೆ ಒತ್ತಿದರೆ ಸ್ವಲ್ಪ ನೋಯುವ ಒಂದು ಜಾಗ ಸಿಗುತ್ತದೆ. ಅದರ ಹೆಸರು ಸಾನ್‌ಯಿನ್‌ಜ್ಯಾವ್. ಹೆಬ್ಬೆರಳಿನಿಂದ ನಿಧಾನವಾಗಿ, ಉಸಿರು ಬಿಡುತ್ತ ಕೆಲವು ನಿಮಿಷ ಒತ್ತುವುದು, ಆಮೇಲೆ ಇನ್ನೊಂದು ಕಾಲು. ಪರೀಕ್ಷೆಗಳು ಸಣ್ಣವು, ಫಲಿತಾಂಶ ಒಂದೇ ಥರ ಇಲ್ಲ, ಆದರೂ ಕೆಲವರಿಗೆ ಆರಾಮ ಸಿಕ್ಕಿದೆ. ಗರ್ಭಿಣಿಯರು ಒತ್ತಬಾರದೆಂದು ಆ ವೈದ್ಯರೇ ಹೇಳುತ್ತಾರೆ. ಇದೇ ಜಾಗಕ್ಕೆ ಸೂಜಿ ಚುಚ್ಚುವುದೂ ಇದೆ. ನಮ್ಮ ದವನದ ಕುಲದ ಒಂದು ಗಿಡದ ಎಲೆಯನ್ನು ಬತ್ತಿ ಮಾಡಿ ಹೊತ್ತಿಸಿ ಶಾಖ ಕೊಡುವುದೂ ಇದೆ. ಎರಡನ್ನೂ ಮನೆಯಲ್ಲಿ ಮಾಡಿಕೊಳ್ಳಲು ಹೋಗಬೇಡಿ. ಸುಟ್ಟುಕೊಳ್ಳುತ್ತೀರಿ.

ಪರದೆಯ ಮೇಲೆ ತೋರಿಸಿದ ಬೇರನ್ನು ಈ ಪುಟದಲ್ಲಿ ನೀವು ಮೂಸಲಾರಿರಿ, ಅದೊಂದು ಕೊರತೆ. ಅದು ದಾಂಗ್‌ಗ್ವೇ. ಕೊತ್ತಂಬರಿ, ಜೀರಿಗೆಗಳ ಕುಟುಂಬದ ಗಿಡ, ಸಿಹಿಯೂ ಒಗರೂ ಬೆರೆತ ಗಾಢ ಪರಿಮಳ. ಗಾನ್ಸು ಪ್ರಾಂತದ ಮಿನ್‌ಶ್ಯೆನ್ ಎಂಬ ಬೆಟ್ಟದ ಸೀಮೆ ಅದಕ್ಕೆ ಹೆಸರುವಾಸಿ. ಹದಿನೆಂಟು ನೂರು ವರ್ಷಗಳ ಹಿಂದಿನ ವೈದ್ಯ ಜಾಂಗ್ ಜೊಂಗ್‌ಜಿಂಗ್ ಇದನ್ನು ಶುಂಠಿ ಮತ್ತು ಕುರಿಮಾಂಸದ ಜೊತೆ ಬೇಯಿಸಿ ಸಾರು ಮಾಡಿಕೊಡಲು ಹೇಳಿದ. ಇಂದಿಗೂ ಚಳಿಗಾಲದಲ್ಲಿ ಆ ಸಾರು ಮಾಡುತ್ತಾರೆ. ದಾಂಗ್‌ಗ್ವೇ ಜೊತೆ ಇನ್ನು ಮೂರು ಬೇರುಗೆಡ್ಡೆ ಸೇರಿಸಿದರೆ ‘ಸಿ ವು ತಾಂಗ್’, ನಾಲ್ಕು ವಸ್ತುಗಳ ಕಷಾಯ, ಹೆಂಗಸರ ಔಷಧಗಳಲ್ಲೆಲ್ಲ ಪ್ರಸಿದ್ಧ.

ಇಂಥ ಕಷಾಯಗಳಿಂದ ಗುಣವುಂಟೇ? ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯವರು 2008ರ ಹೊತ್ತಿಗೆ ಮುಟ್ಟಿನ ನೋವಿಗೆ ಚೀನೀ ಮೂಲಿಕೆಗಳ 39 ಪರೀಕ್ಷೆಗಳನ್ನು, ಒಟ್ಟು 3,475 ಹೆಂಗಸರ ಫಲಿತಾಂಶಗಳನ್ನು ನೋಡಿದರು. ಭರವಸೆ ಹುಟ್ಟಿಸುವಂತಿದೆ, ಆದರೆ ಪರೀಕ್ಷೆ ಮಾಡಿದ ಕ್ರಮ ದುರ್ಬಲ ಎಂಬುದು ಅವರ ತೀರ್ಮಾನ. ನನ್ನ ಅಭಿಪ್ರಾಯವೂ ಅಷ್ಟೇ. ಆದ್ದರಿಂದ ಅಂಚೆಯಲ್ಲಿ ತರಿಸಿದ ಪುಡಿಯನ್ನು, ಹೆಸರು ಓದಲು ಬಾರದ ಗುಳಿಗೆಯನ್ನು ನುಂಗಬೇಡಿ. ದಾಂಗ್‌ಗ್ವೇ ರಕ್ತ ತೆಳುಮಾಡುವ ಔಷಧದ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆಯ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಜನರ, ಅವರಲ್ಲಿ ಬಹುಪಾಲು ಹೆಂಗಸರ, ಮೂತ್ರಪಿಂಡಗಳು ಕೆಟ್ಟವು. ಒಂದು ಬೇರಿನ ಬದಲು ಹೆಸರಿನಲ್ಲಿ ಹೋಲುವ ಇನ್ನೊಂದು ಬೇರು, ಅರಿಸ್ಟೊಲೋಕಿಯಾ ಕುಲದ್ದು, ಬೆರೆತುಬಿಟ್ಟಿತ್ತು. ಮೂಲಿಕೆಯಾದ್ದರಿಂದ ತೊಂದರೆಯಿಲ್ಲ ಎನ್ನುವವರಿಗೆ ಈ ಸಂಗತಿ ಹೇಳಿ.

ಇಲ್ಲೇ ಕತ್ತೆಗಳ ವಿಷಯವನ್ನೂ ಹೇಳಬೇಕು. ರಕ್ತ ತುಂಬಲೆಂದು ಹೆಂಗಸರು ತಿನ್ನುವ ‘ಅಜ್ಯಾವ್’ ಎಂಬ ಅಂಟನ್ನು ಕತ್ತೆಯ ಚರ್ಮ ಕುದಿಸಿ ಮಾಡುತ್ತಾರೆ. ಬೇಡಿಕೆ ಏರಿ ಚೀನಾದ ಕತ್ತೆಗಳು ಕರಗಿದವು, ಆಮೇಲೆ ಆಫ್ರಿಕಾದ ಬಡವರ ಕತ್ತೆಗಳಿಗೆ ಕೈ ಹೋಯಿತು. 2024ರ ಫೆಬ್ರವರಿಯಲ್ಲಿ ಆಫ್ರಿಕಾ ಒಕ್ಕೂಟದ ದೇಶಗಳು ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ನಿಷೇಧಿಸಲು ಒಪ್ಪಿದವು. ಅಷ್ಟು ಮಾಡಿ ಸಿಗುವುದು ಕಬ್ಬಿಣದ ಒಂದು ಮಾತ್ರೆಯ ಕೆಲಸವೂ ಅಲ್ಲ.

ತಣ್ಣೀರಿನ ವಿಚಾರಕ್ಕೆ ಮರಳೋಣ. ಚೀನಾ ಸರ್ಕಾರ 2012ರಲ್ಲಿ ಮಾಡಿದ ನಿಯಮಗಳು ಮುಟ್ಟಿನ ದಿನಗಳಲ್ಲಿ ಹೆಂಗಸರನ್ನು ತಣ್ಣೀರಿನ ಕೆಲಸಕ್ಕೆ, ವಿಪರೀತ ಚಳಿಯ ಕೆಲಸಕ್ಕೆ ಹಚ್ಚಬಾರದೆನ್ನುತ್ತವೆ. ಹಳೆಯ ವೈದ್ಯವೇ ಕಾನೂನಿನೊಳಗೆ ಬಂದು ಕೂತಿದೆ. ದುಡಿಯುವ ಹೆಣ್ಣಿಗೆ ಬಿಡುವು ಸಿಗುವುದಾದರೆ ನನ್ನ ತಕರಾರಿಲ್ಲ. ಕರ್ನಾಟಕದ ಸಚಿವ ಸಂಪುಟವೂ 2025ರ ಅಕ್ಟೋಬರಿನಲ್ಲಿ ಉದ್ಯೋಗದಲ್ಲಿರುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆದರೆ ಈಜಿದರೆ, ತಲೆಗೆ ಸ್ನಾನ ಮಾಡಿದರೆ, ಮಜ್ಜಿಗೆ ಕುಡಿದರೆ ಗರ್ಭಕೋಶಕ್ಕೆ ಹಾನಿ ಎಂಬುದಕ್ಕೆ ಆಧಾರವಿಲ್ಲ. ನಿಮಗೆ ಬೆಚ್ಚಗಿರುವುದು ಹಿತವೆನಿಸಿದರೆ ಬೆಚ್ಚಗಿರಿ. ಈಜು ಹಿತವೆನಿಸಿದರೆ ಈಜಿ. ಅಡ್ಡಾಡುವುದರಿಂದ, ಹಗುರ ವ್ಯಾಯಾಮದಿಂದ ನೋವು ಇಳಿಯುತ್ತದೆ ಕೂಡ. ಬಿಸಿಯಿಂದಲೂ ಕಷಾಯದಿಂದಲೂ ಇಳಿಯದ ನೋವಿಗೆ ಮಾತ್ರೆಗಳಿವೆ. ನಿಮಗೆ ಯಾವುದು, ಎಷ್ಟು ಎಂದು ಡಾಕ್ಟರನ್ನು ಕೇಳಿ, ಹೊಟ್ಟೆಗೆ ಏನಾದರೂ ತಿಂದು ನುಂಗಿ. ಅದರಲ್ಲಿ ಸೋಲೇನೂ ಇಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಮನೆಮದ್ದು ಮಾಡುತ್ತ ಕೂರಬಾರದು. ಗಂಟೆಗೊಂದು ಪ್ಯಾಡ್ ತೊಯ್ದುಹೋಗುವುದು, ಏಳು ದಿನ ದಾಟಿಯೂ ನಿಲ್ಲದಿರುವುದು, ಶುರುವಾದ ಮೇಲೆ ಮೂರು ತಿಂಗಳು ಆಗದೇ ಇರುವುದು, 15 ತುಂಬಿದರೂ ಮೊದಲ ಮುಟ್ಟು ಬಾರದಿರುವುದು, ನೋವು ತಿಂಗಳಿಂದ ತಿಂಗಳಿಗೆ ಏರಿ ತರಗತಿ ತಪ್ಪಿಸುವುದು. ಇಂಥದ್ದಾದರೆ ತಾಯಿಗೆ, ಅಕ್ಕನಿಗೆ, ನಿಮ್ಮ ಟೀಚರಿಗೆ ಹೇಳಿ. ಹತ್ತಿರದ ಆಸ್ಪತ್ರೆಗೆ ಹೋಗಿ.

ಹೋಗುವಾಗ ಒಂದು ಚಿಕ್ಕ ಪುಸ್ತಕ ತೆಗೆದುಕೊಂಡು ಹೋಗಿ. ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಾದರೂ ಸರಿ. ಆ ಚೀನೀ ವೈದ್ಯರ ಪ್ರಶ್ನೆಗಳಿಗೆ ಪ್ರತಿ ತಿಂಗಳೂ ಉತ್ತರ ಬರೆದಿಡಿ: ಆದ ತಾರೀಖು, ನಿಂತ ತಾರೀಖು, ದಿನಕ್ಕೆ ಎಷ್ಟು ಪ್ಯಾಡ್, ಬಣ್ಣ, ಗಂಟುಗಳಿದ್ದವೇ, ನೋವು ಯಾವ ದಿನ, ಒತ್ತಿದರೆ ಹೇಗೆ, ಬಿಸಿ ಇಟ್ಟರೆ ಹೇಗೆ, ಯಾವ ತರಗತಿ ತಪ್ಪಿತು. ನಾನು ಹೇಳಿದ ಆ ಹುಡುಗಿ ಈಗ ಹಾಗೆ ಬರೆಯುತ್ತಾಳೆ. ಆರು ತಿಂಗಳಿಗೊಮ್ಮೆ ಬಂದಾಗ ಪುಸ್ತಕವನ್ನು ಮೇಜಿನ ಮೇಲಿಡುತ್ತಾಳೆ. ಮಾತು ಶುರುವಾಗುವುದೇ ಅಲ್ಲಿಂದ. ತಾಯಿ ಹೊರಗೆ ಕೂತಿರುತ್ತಾರೆ.